ಆರನೇ ಚಾಪೆಯ ಮೇಡಂ

ನಮ್ಮ ಜಿಲ್ಲೆಯ ಪ್ರಾಥಮಿಕ ಶಿಕ್ಷಣದ ಮಾತು ಬಂದಾಗಲೆಲ್ಲ ಕಟ್ಟಡ, ಕಾಂಪೌಂಡು, ಬಿಸಿಯೂಟಗಳ ಕುರಿತು ಗಂಟೆಗಟ್ಟಲೆ ಭಾಷಣ ಮಾಡುವವರಿಗೆ ಕೊರತೆಯಿಲ್ಲ; ತರಗತಿಯೊಳಗೆ ಯಾವ ಮಗು ಯಾರ ಪಕ್ಕ ಕೂತರೆ ಕಲಿತೀತು ಎಂದು ವೃತ್ತಿಜೀವನವಿಡೀ ತಲೆ ಕೆಡಿಸಿಕೊಂಡವರು ಮಾತ್ರ ವಿರಳ. ಈ ವರ್ಷ ನಿವೃತ್ತರಾದ ನಮ್ಮ ಮುಖ್ಯ ಶಿಕ್ಷಕಿ ಶ್ರೀಮತಿ ವರಲಕ್ಷ್ಮಿಯವರು ಆ ವಿರಳರಲ್ಲಿ ಒಬ್ಬರು. ಅವರ ಸಹಶಿಕ್ಷಕನಾಗಿ ದುಡಿದ ನಾನು ಅವರಿಂದ ಬೈಸಿಕೊಂಡಷ್ಟು ಬೇರೆ ಯಾರಿಂದಲೂ ಬೈಸಿಕೊಂಡಿಲ್ಲವಾದ್ದರಿಂದ, ಈ ಲೇಖನ ಬರೆಯುವ ಅರ್ಹತೆ ನನಗಿದೆಯೆಂದು ಭಾವಿಸಿದ್ದೇನೆ.

ಉಯ್ಯಂಬಳ್ಳಿ ಹೋಬಳಿಯ ಏಕೋಪಾಧ್ಯಾಯ ಶಾಲೆಯೊಂದರಲ್ಲಿ ಸೇವೆ ಆರಂಭಿಸಿದ ಮೇಡಂ, ಕುರಿಮಂದೆಯ ಜೊತೆ ಹೋಗಿ ತಿಂಗಳುಗಟ್ಟಲೆ ಬಾರದ ಮಕ್ಕಳನ್ನು ಅಲ್ಲಿ ಕಂಡರು. ಮರಳಿ ಬಂದ ಮಗುವಿಗೆ ಪಾಠ ಮುಂದೆ ಹೋಯಿತೆಂದು ಗದರದೆ, ಅದು ಬಿಟ್ಟುಹೋದ ಪುಟದಿಂದಲೇ ಶುರುಮಾಡುವುದನ್ನು ರೂಢಿಸಿಕೊಂಡರು. ಮುಂದೆ ಸೋಲೂರಿನ ಕಡೆ ಕೆಲವು ವರ್ಷ ದುಡಿದು, ಹಾರೋಹಳ್ಳಿಯ ಸುತ್ತ ಕಾರ್ಖಾನೆಗಳು ಏಳುತ್ತಿದ್ದ ಕಾಲಕ್ಕೆ ನಮ್ಮ ಕಿರಿಯ ಪ್ರಾಥಮಿಕ ಶಾಲೆಗೆ ಬಂದರು. ಬಂದವರೇ ಬೆಂಚುಗಳನ್ನು ಗೋಡೆಗೆ ಒತ್ತರಿಸಿ, ನಲಿ-ಕಲಿ ಪದ್ಧತಿಯಂತೆ ನೆಲದ ಮೇಲೆ ಐದು ಚಾಪೆ ಹಾಸಿಸಿದರು. ಮೊದಲನೆಯದರಲ್ಲಿ ಟೀಚರ್ ಕೈಹಿಡಿದು ಕಲಿಸಬೇಕಾದ ಮಕ್ಕಳು, ಐದನೆಯದರಲ್ಲಿ ತಾವಾಗಿ ಕಲಿಯಬಲ್ಲವರು, ನಡುವಿನವುಗಳಲ್ಲಿ ಒಬ್ಬರಿಗೊಬ್ಬರು ಹೇಳಿಕೊಡುವವರು. ಕ್ಲಾಸು ಯಾವುದೇ ಇರಲಿ, ಕಲಿಕೆ ಸಾಗಿದಂತೆ ಮಗು ಚಾಪೆ ಬದಲಿಸುತ್ತಿತ್ತು.

ಐದು ವರ್ಷದ ಹಿಂದೆ, 2005ರಲ್ಲಿ, ಊರಿನ ಗೋಮಾಳಕ್ಕೆ ಕಾರ್ಖಾನೆಯವರ ತಂತಿಬೇಲಿ ಬಿತ್ತು. ಮೇವಿಲ್ಲದೆ ಕುರಿ ಮಾರಿದ ಬೀರಮ್ಮನವರು ಗಾರ್ಮೆಂಟ್ಸ್ ವ್ಯಾನು ಹತ್ತಿದರು. ಅವರ ಮಗಳು, ನಾಲ್ಕನೇ ತರಗತಿಯ ಶ್ವೇತ, ಎರಡು ವರ್ಷದ ತಮ್ಮ ಮುತ್ತುವನ್ನು ನೋಡಿಕೊಳ್ಳಲು ಮನೆಯಲ್ಲೇ ಉಳಿದಳು. ಅಂಗನವಾಡಿಯಲ್ಲಿ ಅಷ್ಟು ಚಿಕ್ಕವರನ್ನು ಸೇರಿಸುತ್ತಿರಲಿಲ್ಲ. ವ್ಯಾನು ಬರುವ ಮೊದಲೇ ಮೇಡಂ ನನ್ನನ್ನೂ ಕರೆದುಕೊಂಡು ಅವರ ಮನೆಯ ಮುಂದೆ ಹೋಗಿ ನಿಂತರು.

"ಕೂಸ್ನ ಯಾರ್ ನೋಡ್ಕತಾರೆ ಮೇಡಮ್ಮೋರೆ? ಅವ್ನು ಒಸಿ ದೊಡ್ಡೋನಾಗ್ಲಿ, ಆಮೇಲ್ ಕಳಿಸ್ತೀನಿ" ಎಂದರು ಬೀರಮ್ಮ.

"ಅಷ್ಟೊತ್ಗೆ ಇವಳೂ ನಿನ್ ಜೊತೆ ವ್ಯಾನ್ ಹತ್ತಿರ್ತಾಳೆ. ಇಬ್ರನ್ನೂ ಕಳ್ಸವ್ವ" ಎಂದರು ಮೇಡಂ.

ಮರುದಿನ ಶ್ವೇತ ತಮ್ಮನನ್ನು ಸೊಂಟದ ಮೇಲೆ ಕೂರಿಸಿಕೊಂಡು ಬಂದಳು. ಸುದ್ದಿ ಹಬ್ಬಿ ಇನ್ನೂ ಮೂರು ಕೂಸುಗಳು ಬಂದವು. ನಾನು ಮೇಷ್ಟ್ರಾಗಲು ಸೇರಿದವನು, ತೊಟ್ಟಿಲು ತೂಗಲಿಕ್ಕಲ್ಲ ಎಂದು ಗೊಣಗಿದೆ. "ಗೊಣಗೋದು ಬುಟ್ಟು ಇನ್ನೊಂದು ಚಾಪೆ ತನ್ನಿ ಅನಂತರಾಜು" ಎಂದರು. ಹಾಗೆ ಆರನೇ ಚಾಪೆ ಬಿತ್ತು. ಉಳಿದ ಮಕ್ಕಳು ಸರದಿಯಂತೆ ಅಲ್ಲಿಗೆ ಹೋಗಿ ಕೂಸುಗಳಿಗೆ ಕಥೆ ಓದಿ ಹೇಳಬೇಕೆಂದು ಕಟ್ಟಳೆ ಮಾಡಿದರು. ನನ್ನ ಮುಂದೆ ತೊದಲುತ್ತಿದ್ದವರು ಅಲ್ಲಿ ಸರಾಗವಾಗಿ ಓದತೊಡಗಿದರು. ಕೂಸುಗಳು ತಪ್ಪು ಹಿಡಿಯುವುದಿಲ್ಲ, ನಗುವುದೂ ಇಲ್ಲ. ಮೇಡಂ ಅದನ್ನು ಮೊದಲೇ ಲೆಕ್ಕ ಹಾಕಿದ್ದರೋ ಇಲ್ಲವೋ, ನಾನು ಇಂದಿಗೂ ಕೇಳಿಲ್ಲ.

ಒಂದು ಶುಕ್ರವಾರ ತಪಾಸಣೆಗೆ ಬಂದ ಅಧಿಕಾರಿಗಳು ಬಾಗಿಲಲ್ಲೇ ನಿಂತರು.

"ಇದೇನ್ ಶಾಲೆನೋ ಶಿಶುವಿಹಾರನೋ? ಸೋಮವಾರದಿಂದ ಕೂಸುಗಳು ಇಲ್ಲಿರಕೂಡದು."

"ಕೂಸು ಹೋದ್ರೆ ಅದರ ಹಿಂದೆ ಅಕ್ಕನೂ ಹೋಗ್ತಾಳೆ ಸಾರ್" ಎಂದರು ಮೇಡಂ.

ಅವರು ಆ ಅಕ್ಕನನ್ನೇ ಎಬ್ಬಿಸಿ ಓದಲು ಹೇಳಿದರು. ಶ್ವೇತಳ ಬಾಯಿ ಕಟ್ಟಿಹೋಯಿತು. ಎರಡನೇ ಸಲ ಹೇಳಿದಾಗ ಕಣ್ಣಲ್ಲಿ ನೀರು ಬಂತೇ ಹೊರತು ಮಾತು ಬರಲಿಲ್ಲ. ಇವಳ ಓದು ಇಲ್ಲಿಗೆ ಮುಗಿಯಿತೆಂದುಕೊಂಡೆ. ಅಷ್ಟರಲ್ಲಿ ಅಕ್ಕನ ಮುಖ ನೋಡಿ ಮುತ್ತು ಅಳಲು ಶುರುಮಾಡಿದ. ಅವಳು ಅಧಿಕಾರಿಗಳನ್ನು ಮರೆತು ಓಡಿಹೋಗಿ, ಅವನ ಪಕ್ಕ ಕೂತು, ಕೈಗೆ ಸಿಕ್ಕಿದ ಪುಸ್ತಕ ತೆಗೆದು ನರಿಗೊಂದು ದನಿ, ಆಮೆಗೊಂದು ದನಿ ಮಾಡಿ ಕಥೆಯನ್ನು ಕೊನೆಯವರೆಗೂ ಓದಿದಳು. ಅಧಿಕಾರಿಗಳು ನಿಂತಲ್ಲೇ ಕೇಳಿದರು.

"ಆಯ್ತು, ಆರನೇ ಚಾಪೆ ನಾನು ನೋಡ್ಲಿಲ್ಲ ಅಂದ್ಕೊಳ್ಳಿ" ಎಂದು ಹೊರಟರು.

ನಾನಾಗಿದ್ದರೆ ಅಷ್ಟಕ್ಕೇ ಕೈಮುಗಿಯುತ್ತಿದ್ದೆ. ಮೇಡಂ ದಾರಿಗೆ ಅಡ್ಡ ನಿಂತರು. "ಹಂಗನ್ಬೇಡಿ ಸಾರ್. ನಾಳೆ ಇನ್ನೊಬ್ರು ಬತ್ತಾರೆ. ನೋಡಿದ್ದೀನಿ, ಇರ್ಲಿ ಅಂತ ಬರೆದೇ ಹೋಗಿ." ಅವರು ಕೂತು ಬರೆದರು. ಸೋಮವಾರ ಶ್ವೇತಳೂ ಮುತ್ತುವೂ ಎಂದಿನಂತೆ ಬಂದರು.

ಕಳೆದ ತಿಂಗಳು ಶಾಲೆಯಂಗಳದಲ್ಲಿ ಮೇಡಂ ಅವರ ಬೀಳ್ಕೊಡುಗೆ ನಡೆಯಿತು. ಈಗ ಹೈಸ್ಕೂಲಿನಲ್ಲಿರುವ ಶ್ವೇತ ಹಳೆಯ ವಿದ್ಯಾರ್ಥಿಗಳ ಪರವಾಗಿ ಮಾತಾಡಬೇಕಿತ್ತು. ಊರಿಗೆ ಊರೇ ಸೇರಿದ್ದನ್ನು ಕಂಡು ಮೈಕಿನ ಮುಂದೆ ಅವಳ ಬಾಯಿ ಮತ್ತೆ ಕಟ್ಟಿಹೋಯಿತು. ಮುಂದಿನ ಸಾಲಿನಲ್ಲಿದ್ದ ಬೀರಮ್ಮನವರು ತಲೆ ತಗ್ಗಿಸಿದರು. ಆಗ ಮೇಡಂ ಕುರ್ಚಿಯಿಂದೆದ್ದು, ಹಾರ ಶಾಲುಗಳ ಸಮೇತ ವೇದಿಕೆಯಿಂದಿಳಿದು, "ಅನಂತರಾಜು, ಆ ಚಾಪೆ ಎಲ್ಲೈತೆ?" ಎಂದರು. ತಂದು ಹಾಸಿದೆ. ಮೈಕಿನೆದುರು ನೆಲದ ಮೇಲೆ ಕೂತು, ಕತ್ತೆತ್ತಿ, "ನಂಗೆ ಹೇಳವ್ವ" ಎಂದರು.

ಶ್ವೇತ ಅವರೊಬ್ಬರನ್ನೇ ನೋಡುತ್ತ, "ನಮ್ ಮೇಡಂ ನನ್ ತಮ್ಮನ್ನ ಆಚೆ ಕಳಿಸ್ಲಿಲ್ಲ" ಎಂದು ಶುರುಮಾಡಿದವಳು ನಡುವೆ ಎಲ್ಲೂ ನಿಲ್ಲಲಿಲ್ಲ. ನಾನು ಅತ್ತೆ, ಹೇಳಿಕೊಳ್ಳಲು ನಾಚಿಕೆಯಿಲ್ಲ.

ಕೆಂಗಲ್ ಆಂಜನೇಯಸ್ವಾಮಿಯು ಮೇಡಂ ಅವರಿಗೆ ದೀರ್ಘಾಯುಷ್ಯವನ್ನೂ, ನೆಲದಲ್ಲಿ ಕೂತು ಏಳಲು ಮಂಡಿಗಳಿಗೆ ಬಲವನ್ನೂ ದಯಪಾಲಿಸಲಿ. ಪ್ರತಿ ಶನಿವಾರ ಶಾಲೆಗೆ ಬರುವುದಾಗಿ ಹೇಳಿದ್ದಾರೆ. ಚಾಪೆ ಹಾಸಿಟ್ಟಿರುತ್ತೇನೆ.