ಏಳು ಕಟ್ಟು, ಒಂದೇ ಇನ್ಸಿಪಿಟ್

ತಪ್ಪು ನನ್ನದೇ. ಬೆಂಗಳೂರಿನ ಸಾರಕ್ಕಿ ಇನ್ನೂ ಹಳ್ಳಿಯಾಗಿದ್ದಾಗ, ಪಂಡಿತರೊಬ್ಬರ ಜೊತೆ ಪುಟ್ಟಮ್ಮಜ್ಜಿಯ ಮನೆಗೆ ಹೋಗಿ, ಅವರ ತಂದೆ ಬರೆದಿಟ್ಟಿದ್ದ ಏಳು ಓಲೆಗರಿ ಕಟ್ಟುಗಳ ಪಟ್ಟಿ ಮಾಡಿದೆ. ಹಸ್ತಪ್ರತಿಯ ಮೊದಲ ಮಾತಿಗೆ ‘ಇನ್ಸಿಪಿಟ್’ ಅನ್ನುತ್ತಾರಂತೆ. ಪಂಡಿತರು ಅದನ್ನು ಮೂಗಿನಲ್ಲಿ ಹೇಳುವುದನ್ನು ಅಣಕಿಸುತ್ತ, ಏಳಕ್ಕೂ ‘ಅವಿಘ್ನಮಸ್ತು’ ಎಂದೇ ಗೀಚಿದೆ. ಅದು ಬರೆಯುವವರು ಎಲ್ಲಕ್ಕೂ ಮೊದಲು ಹಾಕುವ ಪ್ರಾರ್ಥನೆ, ಕೃತಿ ಶುರುವಾಗುವುದು ಆಮೇಲೆ ಎಂಬುದು ಈ ಮಹಾಮೇಧಾವಿಗೆ ಗೊತ್ತಿರಲಿಲ್ಲ.

ಕಟ್ಟು ಬಿಚ್ಚದೆ ಪಟ್ಟಿಯನ್ನಷ್ಟೇ ನೋಡಿದ ಪಂಡಿತರು, “ಏಳರ ಮೊದಲ ಮಾತೂ ಒಂದೇ. ಅಂದ್ರೆ ಎಲ್ಲಾ ಒಂದೇ ಪುಸ್ತಕ, ಅಮ್ಮ. ಒಂದಿಟ್ಕೊಂಡು ಮಿಕ್ಕಿದ್ದು ಕೆರೆಗೆ ಬಿಟ್ಬಿಡಿ” ಎಂದರು.

ಅಜ್ಜಿ ಏಳನ್ನೂ ಮಡಿಲಿಗೆ ಎಳೆದುಕೊಂಡರು. “ಎಲ್ಲಾ ಲಗ್ನಪತ್ರಿಕೆ ಮೇಲೂ ಶ್ರೀ ಅಂತಾನೇ ಇರ್ತದೆ, ಸ್ವಾಮಿ. ಹಂಗಂತ ಊರೋರೆಲ್ಲಾ ಒಬ್ಳನ್ನೇ ಕಟ್ಕೊಂಡ್ರಾ?”