ಮೋಟಾರಿನ ಪಾಲಿನ ನೀರು

ಈ ಬೆಳಿಗ್ಗೆ ನನ್ನ ಹಳೆಯ ಕಾರಿನ ಮುಂದಿನ ಗಾಜಿಗೆ ನೀರು ಚಿಮ್ಮಲಿಲ್ಲ. ಗುಂಡಿ ಒತ್ತಿದರೆ ಒಳಗೆ ಗುರ್ರೆನ್ನುವ ಸದ್ದೇನೋ ಬಂತು, ಗಾಜಿನ ಮೇಲೆ ಒಂದು ಹನಿಯೂ ಬೀಳಲಿಲ್ಲ. ಯಾದಗಿರಿಯ ಧೂಳಿನ ಮೇಲೆ ವೈಪರ್ ಕರಕರ ಎಂದು ಓಡಾಡಿ ಸುಮ್ಮನಾಯಿತು. ಮೆಕ್ಯಾನಿಕನನ್ನು ಕರೆಯಬೇಕಾದ ನಾನು ಬಾನೆಟ್ ಎತ್ತಿ ನಿಂತೆ. ನಗಬೇಡಿ. ಸೈಕಲ್ಲಿನ ಚೈನು ಕಳಚಿದರೂ ಹಾಕಲು ಬಾರದವನು ನಾನು, ನಿಜ. ಆದರೆ ಈ ಒಂದು ರೋಗದ ನಾಡಿ ಹಿಡಿಯುವುದು ಮಾತ್ರ ಗೊತ್ತು. ಕಲಿಸಿದವರು ಕಾಸಿಂಸಾಬರು.

ನಾಡು ಒಂದಾದ ಹೊಸತು. ಶಹಾಪುರದ ಒಂದು ಕಚೇರಿಯಲ್ಲಿ ನಾನು ಗುಮಾಸ್ತ. ಅದುವರೆಗೆ ಉರ್ದುವಿನಲ್ಲಿ ಓಡಾಡುತ್ತಿದ್ದ ಕಾಗದಗಳು ಕನ್ನಡಕ್ಕೆ ತಿರುಗಿದ್ದವು. ನನ್ನ ಕನ್ನಡ ಅಕ್ಷರ ದುಂಡಗಿತ್ತು. ನನ್ನ ಯೋಗ್ಯತೆ ಅಷ್ಟೇ. ಕಾಸಿಂಸಾಬರು ಕಚೇರಿಯ ಮೋಟಾರಿನ ಡ್ರೈವರು. ಹೈದರಾಬಾದಿನಿಂದ ಬಂದ ವಿಲಾಯತಿ ಗಾಡಿ ಅದು. ಸ್ಟೇರಿಂಗಿನ ಪಕ್ಕದ ಗುಬುಟು ಎಳೆದರೆ ಗಾಜಿಗೆ ನೀರು ಚಿಮ್ಮುತ್ತಿತ್ತು. ಗಾಡಿ ನಿಂತಲ್ಲೆಲ್ಲ ಜನ ಸೇರಿ, "ಇನ್ನೊಮ್ಮಿ ಅದರ ಮಾರಿ ತೊಳಸ್ರಿ ಸಾಬ್ರ" ಎನ್ನುವರು. ಸಾಬರು ಬೇಸರವಿಲ್ಲದೆ ತೊಳೆಸುವರು.

ಕಚೇರಿಯ ಬಾವಿಯದು ಸವುಳು ನೀರು, ಬೇಳೆ ಬೇಯದಂಥದು. ಸಾಬರು ತಿಂಥಣಿಯ ಕಡೆ ಹೋದಾಗಲೆಲ್ಲ ಮೌನೇಶ್ವರನಿಗೆ ಕೈಮುಗಿದು, ಹೊಳೆಯ ಸಿಹಿನೀರು ತಂದು ಮಣ್ಣಿನ ಹೂಜಿಯಲ್ಲಿ ತುಂಬಿಡುತ್ತಿದ್ದರು. ಗಾಜು ತೊಳೆಯುವ ಶೀಸೆಗೆ ಹಾಕುವುದು ಅದನ್ನೇ. ತಾವು ಕುಡಿಯುವುದು ಬಾವಿಯದು. ನಾನೊಮ್ಮೆ ಕೇಳಿದ್ದಕ್ಕೆ, "ಅದು ಮೋಟಾರಿನ ಪಾಲಿಂದರಿ, ಮುನ್ಷಿ ಸಾಬ್" ಎಂದಿದ್ದರು.

ಬೇಸಿಗೆ ಬಂತು. ನಮ್ಮ ಕಡೆಯ ಬೇಸಿಗೆಯನ್ನು ವರ್ಣಿಸಿ ನಿಮ್ಮನ್ನು ದಣಿಸುವುದಿಲ್ಲ. ಮೊದಲ ದಿನ ಆ ಹೂಜಿಯಿಂದ ಕದ್ದು ಒಂದೇ ಲೋಟ ಕುಡಿದೆ. ಆಮೇಲೆ ದಿನವೂ ಕುಡಿದೆ. ಕುಡಿದಷ್ಟೂ ಬಾವಿಯ ನೀರು ಸುರಿದು ಮಟ್ಟ ಸರಿಮಾಡುತ್ತಿದ್ದೆ. ಕಳ್ಳತನದಲ್ಲೂ ನಾನು ಅಚ್ಚುಕಟ್ಟು.

ಮಳೆಗಾಲದ ಹೊತ್ತಿಗೆ ಮೈಸೂರಿನ ಕಡೆಯ ಹೊಸ ಸಾಹೇಬರು ಬಂದರು. ಹಳಬರಲ್ಲಿ ಯಾರನ್ನು ಎಲ್ಲಿ ಇಡಬೇಕೆಂದು ಅವರೇ ಗೊತ್ತು ಮಾಡುತ್ತಾರಂತೆ ಎಂಬ ಸುದ್ದಿಗೆ, ಕನ್ನಡ ಓದಲು ಬಾರದವರೆಲ್ಲ ಹೆದರಿದ್ದರು. ಸಾಬರೂ ಅವರಲ್ಲೊಬ್ಬರು. ಸಾಹೇಬರ ಮೊದಲ ಪ್ರಯಾಣ ಹುಣಸಗಿಗೆ. ಹಿಂದೆ ಫೈಲು ಹಿಡಿದು ನಾನು. ದಾರಿಯಲ್ಲಿ ಹಳ್ಳ ದಾಟುತ್ತಿದ್ದ ಬಸ್ಸೊಂದು ಗಾಜಿನ ತುಂಬ ಕೆಸರು ಎರಚಿತು. ಸಾಬರು ಗುಬುಟು ಎಳೆದರು, ನೀರಿಲ್ಲ. ವೈಪರ್ ಕೆಸರನ್ನು ಗೋಡೆಗೆ ಸಾರಿಸಿದ ಹಾಗೆ ಸಾರಿಸಿತು. ಕಣ್ಣು ಕಾಣದೆ ಗಾಡಿ ಎರೆಹೊಲಕ್ಕಿಳಿದು ಹೂತುಕೊಂಡಿತು. ಯಾರಿಗೂ ಪೆಟ್ಟಾಗಲಿಲ್ಲ.

ಸಾಬರು ಗಡಿಬಿಡಿ ಮಾಡಲಿಲ್ಲ. ಮೊದಲು ಶೀಸೆ ನೋಡಿದರು, ನೀರಿತ್ತು. ಗಾಜಿನ ಹತ್ತಿರದ ರಬ್ಬರ್ ನಳಿಕೆ ಕಿತ್ತು, ಗುಬುಟು ಎಳೆಯಲು ನನಗೆ ಹೇಳಿದರು. ನಳಿಕೆಯಿಂದ ನೀರು ಜೋರಾಗಿ ಬಂತು.

"ಪಂಪ್ ಛಲೋ ಐತಿ, ನಳಿಕಿ ಛಲೋ ಐತಿ. ಬಾಯಿ ಕಟ್ಟೈತಿ ನೋಡ್ರಿ."

ನೀರು ಚಿಮ್ಮುವ ತೂತಿಗೆ ಸೂಜಿ ಹಾಕಿದರೆ ಬಿಳಿಯ ಪುಡಿ ಉದುರಿತು. ಸಾಬರು ಶೀಸೆಯಲ್ಲಿ ಬೆರಳದ್ದಿ ನಾಲಿಗೆಗೆ ಮುಟ್ಟಿಸಿದರು. ಆಮೇಲೆ ನನ್ನ ಕಡೆ ನೋಡಿದರು. ನಾನು ಫೈಲಿನ ದಾರ ಬಿಗಿಯತೊಡಗಿದೆ.

"ಯಾರ ತಪ್ಪಯ್ಯ ಇದು?" ಎಂದರು ಸಾಹೇಬರು.

"ನಂದೇರಿ ಸಾಬ್. ನೀರ್ ನೋಡಿ ಹಾಕಬೇಕಾಗಿತ್ತು."

ಮರುದಿನ ಸಾಹೇಬರು ಹೇಳಿದ್ದನ್ನು ದುಂಡಗೆ ಬರೆದವನು ನಾನೇ: ಕೆಲಸದಲ್ಲಿ ಅಲಕ್ಷ್ಯ ತೋರಿದ ಕಾರಣ ಡ್ರೈವರ್ ಕಾಸಿಂಸಾಬರನ್ನು ಸುರಪುರದ ಕಚೇರಿಗೆ ಜವಾನರನ್ನಾಗಿ ಕಳಿಸುವುದು. ಸಾಬರು ಸಹಿಗೆ ಬಂದರು.

"ಏನ್ ಬರ್ದೀರಿ, ಓದ್ರಿ."

ಓದಿದೆ.

"ಬಾವಿ ನೀರಿಂದು ಏನರ ಬರ್ದೀರೇನು?"

"ಇಲ್ಲರಿ."

"ಛಲೋ ಆತು. ನಿಮ್ಮದು ಹೊಸ ನೌಕರಿ."

ಉರ್ದುವಿನಲ್ಲಿ ಸಹಿ ಹಾಕಿದರು. ಹೋಗುವಾಗ ಹೂಜಿಯನ್ನು ತಂದು ನನ್ನ ಮೇಜಿನ ಪಕ್ಕ ಇಟ್ಟು, "ಇನ್ಮ್ಯಾಲ ಇದು ನಿಮ್ಮ ಪಾಲಿಂದು" ಎಂದರು. ನನಗೆ ನಾಚಿಕೆಯಾಯಿತು. ನಾಚಿಕೆಗಿಂತ ಬಚಾವಾದ ಸಮಾಧಾನವೇ ಹೆಚ್ಚಿತ್ತು ಎಂಬುದನ್ನೂ ಹೇಳಿಬಿಡುತ್ತೇನೆ. ಸಾಬರು ಮತ್ತೆ ಸ್ಟೇರಿಂಗ್ ಹಿಡಿಯಲಿಲ್ಲವಂತೆ. ಆಮೇಲೆ ಎಷ್ಟೋ ಸಲ ಸುರಪುರಕ್ಕೆ ಹೋದೆ. ಆ ಕಚೇರಿಯ ಮುಂದಿನ ದಾರಿ ಬಿಟ್ಟು ಸುತ್ತುಹಾಕಿ ಹೋದೆ.

ಈ ಬೆಳಿಗ್ಗೆಯೂ ಅದೇ ಕ್ರಮ. ಡಬ್ಬಿಯಲ್ಲಿ ನೀರಿತ್ತು. ನಳಿಕೆ ಕಿತ್ತು ಹೆಂಡತಿಗೆ ಗುಂಡಿ ಒತ್ತಲು ಹೇಳಿದೆ. ನೀರು ಬಂದು ನನ್ನ ಅಂಗಿ ತೊಯ್ದಿತು. ಸೂಜಿ ಹಾಕಿದೆ, ಬಿಳಿಯ ಪುಡಿ. ಬೆರಳದ್ದಿ ನಾಲಿಗೆಗೆ ಮುಟ್ಟಿಸಿದೆ. ಸವುಳು.

"ಬೋರಿನ ನೀರು ಹಾಕ್ಯಾರೇನು? ಆ ಗ್ಯಾರೇಜಿನವ್ರದೇ ಕೆಲಸ ಇರಬೇಕು" ಎಂದಳು ಹೆಂಡತಿ.

ಹೌದೆಂದರೆ ಮುಗಿಯುತ್ತಿತ್ತು.

"ಇಲ್ಲ. ನಾನೇ ಹಾಕೀನಿ. ತಪ್ಪು ನಂದು."

ಅವಳು ಕಾರಿನೊಳಗಿಂದ ತಲೆ ಹೊರಹಾಕಿ ನನ್ನನ್ನು ನೋಡಿದಳು.

"ಅದನ್ಯಾಕ ಅಷ್ಟು ಜೋರಾಗಿ ಹೇಳ್ತೀರಿ? ಇಲ್ಲೇ ಅದೀನಲ್ಲ."