ಗೆರೆ ಉದ್ದಕ್ಕೋ ಅಡ್ಡಕ್ಕೋ?

ನಾಲ್ಕು ವರ್ಷದ ಮಗು ‘ಯಾಕೆ’ ಎಂದು ಕೇಳಿದ್ದಕ್ಕೆ ಬಾಯಿಯ ಮೇಲೆ ಬೆರಳಿಡಿಸಿ ಮೂಲೆಯಲ್ಲಿ ಕೂರಿಸುವುದು ಅನ್ಯಾಯ. ಇಂದು ಬನಹಟ್ಟಿಯ ನಮ್ಮ ಶಿಶುವಿಹಾರದಲ್ಲಿ ನನ್ನ ಅಣ್ಣನ ಮಗಳಿಗೆ ಹೀಗಾಯಿತು. ಬೀಜವಿದ್ದರೂ ಬದನೆಕಾಯಿ ಯಾಕೆ ಹಣ್ಣಲ್ಲ ಎಂದು ಅವಳು ಕೇಳಿದ್ದಳು, ಅಷ್ಟೇ. ಕರೆತರಲು ಹೋದಾಗ “ಇನ್ನ ನಾ ಏನೂ ಕೇಳೂದಿಲ್ಲ, ಅತ್ತೀ,” ಎಂದಳು.

ಅವಳ ಕೈ ಹಿಡಿದು ನಮ್ಮ ನೇಕಾರರ ಓಣಿ ಹೊಕ್ಕಾಗ ನೂಲಿಗೆ ಹಚ್ಚಿದ ಗಂಜಿಯ ವಾಸನೆ ಬಂತು. ನಾನೂ ಅವಳಷ್ಟೇ ಚಿಕ್ಕವಳಾದೆ.

ನಮ್ಮ ಮನೆಯ ಕೈಮಗ್ಗದಲ್ಲಿ ಅಂದು ಸೀರೆಯ ಮೇಲೆ ಗೆರೆಯೊಂದು ಎದ್ದಿತ್ತು. “ಲಾಳಿದ ತಪ್ಪು,” ಎಂದೆ ನಾನು, ಎಲ್ಲ ಗೊತ್ತಿದ್ದವಳಂತೆ.

“ಲಾಳಿ ಹೆಂಗ ಓಡತೈತಿ, ತೋರಸು,” ಎಂದಳು ಅಜ್ಜಿ. ಅಡ್ಡ ನೂಲು ಹಾಕುವ ಲಾಳಿಯಂತೆ ನಾನು ಕೈಯನ್ನು ಎಡದಿಂದ ಬಲಕ್ಕೆ ಓಡಿಸಿದೆ.

“ಗೆರಿ ಹೆಂಗ ಐತಿ?”

ಬೆರಳಿಟ್ಟು ನೋಡಿದೆ. ಗೆರೆ ಉದ್ದಕ್ಕೆ ಹೋಗಿತ್ತು.

“ಅಡ್ಡ ಓಡೂ ಲಾಳಿ ಉದ್ದ ಗೆರಿ ಹೆಂಗ ಎಳೀತೈತಿ ಬೇ? ಪಾಪ, ಅದರ ಮ್ಯಾಲ ಸುಳ್ಳ ಅಪವಾದ ಹೊರಸಾಕತ್ತಿ!”

ನೇಯುತ್ತಿದ್ದ ಕಾಕಾ ತಾಳ್ಮೆಗೆಟ್ಟ. “ಅವ್ವಾ, ನೀನ ಹೇಳಬಾರದ? ಮಗ್ಗ ನಿಂತೈತಿ.”

“ನಿಲ್ಲಲಿ ಬಿಡೋ. ಕೂಸಿನ ತಲಿ ಓಡಾಕತ್ತೈತಿ.”

ಉದ್ದದ ಎಳೆಗಳನ್ನು ಸವರುತ್ತ ಹೋದೆ. ಹರಿದ ಎಳೆ ಸಿಕ್ಕಿತು. ಕಾಕಾ ನಗುತ್ತ ಅದಕ್ಕೆ ಗಂಟು ಹಾಕಿದ.

ಹೀಗೆ ಯೋಚಿಸುವುದನ್ನು ಆ ವಯಸ್ಸಿನಲ್ಲೇ ಕಲಿಯಬಹುದು, ದೊಡ್ಡವರು ಸ್ವಲ್ಪ ಕಾದರೆ ಸಾಕು. ನಮ್ಮ ಹುಡುಗಿ ಮತ್ತೆ ಕೇಳುವಂತಾಗಬೇಕು. ಶಿಶುವಿಹಾರದ ಟೀಚರ್ ಜೊತೆ ಮಾತಾಡಿದ್ದೇನೆ. ಪಾಲಕರು ಬಂದರೆ ಕೂತು ಮಾತಾಡೋಣ ಎಂದಿದ್ದಾರೆ. ಮಕ್ಕಳನ್ನೂ ಕರೆದುಕೊಂಡು ಶಿಶುವಿಹಾರದ ಅಂಗಳಕ್ಕೆ ಬನ್ನಿ, ಬರುವ ಶನಿವಾರ ಸಂಜೆ ಐದು ಗಂಟೆಗೆ.